ಹೊಸ್ತಿಲು ದಾಟಿದ ಒಲೆ

"ಬರೋ ಭಾನುವಾರ ಈ ಮನೆಯ ಹುಳಿಗೆ ಸಾಸಿವೆ ಕಾಳಿನಷ್ಟು ಬೆಲ್ಲ ಬಿದ್ದರೂ ನಾನು ಟೈಲರೇ ಅಲ್ಲ! ಕತ್ತರಿ ಮಾರಿ ಕಡಲೆಕಾಯಿ ವ್ಯಾಪಾರಕ್ಕೆ ಕೂರ್ತೀನಿ!"

ಹೀಗೆಂದು ಭೀಷಣ ಪ್ರತಿಜ್ಞೆ ಮಾಡುವಾಗ ಟೈಲರ್‌ನ ಬಲಗೈಯಲ್ಲಿ ಕಲಸಿದ ಅನ್ನದ ತುತ್ತಿತ್ತು. ಎಡಗೈ ಆಕಾಶದ ಕಡೆ ಎದ್ದಿತ್ತು. ಆಕಾಶವೇನೂ ಕಾಣುತ್ತಿರಲಿಲ್ಲ. ಮೇಲಿನ ಮನೆಯ ಬಚ್ಚಲಿನಿಂದ ನೀರು ಇಳಿದು ಕಲೆಯಾದ ಸೂರು ಮಾತ್ರ ಕಾಣುತ್ತಿತ್ತು. ಪ್ರತಿಜ್ಞೆಗೆ ಅದೇ ಸಾಕ್ಷಿಯಾಯಿತು.

ಬೀದಿಯವರು ಅವನಿಗೆ 'ಒಗ್ಗರಣೆ' ಎಂದು ಅಡ್ಡಹೆಸರಿಟ್ಟಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನುವುದು ಬೇರೆ ಮಾತು. ಒಗ್ಗರಣೆಯಾದರೂ ಎಣ್ಣೆ ಕಾದ ಮೇಲೆ ಸಿಡಿಯುತ್ತದೆ, ಇವನು ಒಲೆ ಹಚ್ಚುವ ಮೊದಲೇ ಸಿಡಿಯುತ್ತಿದ್ದ. ಗಿರಾಕಿಯೊಬ್ಬ "ಪ್ಯಾಂಟು ಸ್ವಲ್ಪ ಬಿಗಿಯಾಯ್ತು" ಎಂದರೆ, "ಪ್ಯಾಂಟು ಬಿಗಿಯಾಗಿಲ್ಲ ಸ್ವಾಮಿ, ನಿಮ್ಮ ಹೊಟ್ಟೆ ಸಡಿಲವಾಗಿದೆ!" ಎಂದು ಬಾಯಿ ಮುಚ್ಚಿಸುತ್ತಿದ್ದ. ಹೊಲಿಗೆ ಅಷ್ಟು ಚೆನ್ನಾಗಿದ್ದದ್ದರಿಂದ ಜನ ಬೈಸಿಕೊಂಡೂ ಬರುತ್ತಿದ್ದರು.

ಮನೆಯಲ್ಲಿ ಅವನ ಕೋಪಕ್ಕೆಲ್ಲ ಮೂಲ ಹುಳಿ. ಹೆಂಡತಿಯ ತವರಿನ ಕಡೆ ಹುಳಿಗೆ ಬೆಲ್ಲ, ಪಲ್ಯಕ್ಕೆ ಬೆಲ್ಲ, ಗೊಜ್ಜಿಗಂತೂ ಬೆಲ್ಲವೇ ಬೆಲ್ಲ. ಇವನ ಕಡೆ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು. ಊಟ ಮುಗಿಯುವಷ್ಟರಲ್ಲಿ ಕಿವಿಯಲ್ಲಿ ಹೊಗೆ ಬರಬೇಕು. ಅವರು ಬಾಡಿಗೆಗಿದ್ದ ಕಟ್ಟಡವೂ ಹಾಗೇ ಇತ್ತು. ಮೆಟ್ಟಿಲು ಹತ್ತುತ್ತಾ ಹೋದರೆ ಒಂದು ಮಹಡಿಯಲ್ಲಿ ತೆಂಗಿನೆಣ್ಣೆ, ಮೇಲಿನದರಲ್ಲಿ ಸಾಸಿವೆ ಎಣ್ಣೆ, ಅದರ ಮೇಲೆ ತುಪ್ಪ. ಬಿರಿಯಾನಿಗೆ ಆಲೂಗಡ್ಡೆ ಹಾಕಬೇಕೋ ಬೇಡವೋ ಅನ್ನುವುದರ ಮೇಲೆ ಎದುರುಬದುರು ಮನೆಯವರು ಮಾತು ಬಿಟ್ಟು ಕಾಲವಾಗಿತ್ತು. ಆದರೆ ಅವರದು ಬಾಗಿಲಾಚೆಯ ಜಗಳ. ಇವನದು ತಟ್ಟೆಯೊಳಗಿನ ಜಗಳ!

ಈ ಸಲ ಪ್ರತಿಜ್ಞೆಗೆ ಕಾರಣವಿತ್ತು. ಊರಿನ ದೊಡ್ಡ ಶಾಲೆಯ ಹೆಡ್‌ಮಿಸ್ಸು ರವಿಕೆಯ ತೋಳು ಸಡಿಲ ಮಾಡಿಸಿಕೊಳ್ಳಲು ಅಂಗಡಿಗೆ ಬಂದವರು, "ಭಾನುವಾರ ನಿಮ್ಮ ಮನೆಗೇ ಊಟಕ್ಕೆ ಬರ್ತೀನಿ ಟೈಲರ್. ಒಂದು ವಿಷಯ ಮಾತಾಡೋದಿದೆ" ಎಂದಿದ್ದರು. ಟೈಲರ್ ತಕ್ಷಣ ಲೆಕ್ಕ ಹಾಕಿದ. ಶಾಲೆ ಅಂದರೆ ಮಕ್ಕಳು. ಮಕ್ಕಳು ಅಂದರೆ ಯೂನಿಫಾರ್ಮು. ಯೂನಿಫಾರ್ಮು ಅಂದರೆ ಎರಡು ಹೊಸ ಮಿಷಿನ್ನು, ಬೀದಿಯ ಮೂಲೆಯಲ್ಲಿ ದೊಡ್ಡ ಅಂಗಡಿ! ಅದರ ಮೇಲೆ ಆಕೆಯ ಮಾತಿನ ಧಾಟಿ ಕೇಳಿದರೆ ಇವನ ಕಡೆಯವರೇ.

"ನಮ್ಮ ಕಡೆಯವರ ನಾಲಿಗೆಗೆ ನಮ್ಮ ಕಡೆ ಊಟವೇ ಆಗಬೇಕು. ನಿನ್ನ ಪಾಯಸದಂಥ ಹುಳಿ ಬಡಿಸಿದರೆ ಆರ್ಡರು ಕೈ ತಪ್ಪುತ್ತೆ" ಎಂದ.

"ಅಲ್ಲಾ ರೀ, ಆ ಮಿಸ್ಸು ಅವತ್ತು ಅಂಗಡೀಲಿ ನನ್ನ..."

"ನೀನು ಸುಮ್ಮನಿರು! ಅಡುಗೆ ನಾನೇ ಮಾಡ್ತೀನಿ. ಹುಳಿ ಅಂದ್ರೇನು ಅಂತ ಇಡೀ ಕಟ್ಟಡಕ್ಕೆ ಗೊತ್ತಾಗಲಿ!"

ಹೆಂಡತಿ ತಟ್ಟೆಯ ಮುಂದಿನಿಂದ ಎದ್ದಳು. ಅವಳು ಕೂಗುವವಳಲ್ಲ. ಕೋಪ ಬಂದಷ್ಟೂ ಅವಳ ದನಿ ತಗ್ಗುತ್ತಿತ್ತು. ಆವತ್ತು ಅದು ಬಹಳ ತಗ್ಗಿತ್ತು.

"ಮದುವೆಯಾದ ದಿನದಿಂದ ಬೇಯಿಸಿ ಹಾಕಿದ್ದೀನಿ. ಒಂದು ದಿನ, ಒಂದೇ ಒಂದು ದಿನ, ಚೆನ್ನಾಗಿದೆ ಅಂದಿದ್ದೀರಾ? ತಟ್ಟೆ ಮಾತ್ರ ನೆಕ್ಕಿಟ್ಟ ಹಾಗೆ ಖಾಲಿಯಾಗಿರುತ್ತೆ. ಬಾಯಿಂದ ಬರೋದು ಬೈಗುಳ. ಸರಿ, ನೀವೇ ಮಾಡಿ. ನಾನಿನ್ನು ಆ ಅಡುಗೆಮನೆ ಹೊಸ್ತಿಲು ತುಳಿಯಲ್ಲ."

"ತುಳೀಬೇಡ!"

"ತುಳಿಯಲ್ಲ."

ಹಾಗೆ ಒಂದೇ ಮನೆಯಲ್ಲಿ ಎರಡು ಪ್ರತಿಜ್ಞೆಗಳಾದವು. ಭಾನುವಾರದವರೆಗೆ ಇಬ್ಬರೂ ಬ್ರೆಡ್ಡು ತಿಂದರು.

ಭಾನುವಾರ ಬೆಳಿಗ್ಗೆ ಟೈಲರ್ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದ. ಟೇಪಿಲ್ಲದೆ ಅವನಿಗೆ ಯಾವ ಕೆಲಸವೂ ಹತ್ತುತ್ತಿರಲಿಲ್ಲ. ಹೆಂಡತಿ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಬಿಚ್ಚಿದಳು. ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಸರಿಯಾಗಿ ಎದುರಿಗೇ ಹಾಕಿಕೊಂಡದ್ದು ಆಕಸ್ಮಿಕವಲ್ಲ.

"ತೊಗರಿಬೇಳೆ ಎಲ್ಲಿದೆ?"

"ಡಬ್ಬೀಲಿ."

"ಯಾವ ಡಬ್ಬೀಲಿ?"

"ತೊಗರಿಬೇಳೆ ಡಬ್ಬೀಲಿ."

ಹಲ್ಲು ಕಡಿಯುತ್ತಾ ಟೈಲರ್ ಊರಿನಲ್ಲಿದ್ದ ತಾಯಿಗೆ ಫೋನ್ ಹಚ್ಚಿದ. ಎರಡೂ ಕೈಗೆ ಕೆಲಸವಿದ್ದುದರಿಂದ ಸ್ಪೀಕರ್ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಅಮ್ಮಾ, ನಮ್ಮ ಕಡೆ ಹುಳಿ ಹೇಳ್ಕೊಡು. ಬೇಳೆ ಎಷ್ಟು?"

"ಬೇಕಾಗೋಷ್ಟು ಹಾಕಪ್ಪ."

"ಹುಣಸೆಹಣ್ಣು?"

"ಹುಳಿ ಆಗೋಷ್ಟು."

"ಖಾರದಪುಡಿ?"

"ಕಣ್ಣಳತೆ ನೋಡ್ಕೊ."

"ಅಮ್ಮಾ! ಹೀಗೆ ಅಳತೆ ತಗೊಂಡು ನಾನು ಪ್ಯಾಂಟು ಹೊಲಿದರೆ ಗಿರಾಕಿ ನಡುಬೀದೀಲಿ ನಿಲ್ತಾನೆ!"

"ಕಿರುಚಬೇಡ. ಅಡುಗೆಗೆ ಯಾರಾದ್ರೂ ಟೇಪು ಹಿಡೀತಾರಾ? ಕೇಳು, ಎಲ್ಲಾ ಕುದಿಯೋವಾಗ ಒಂದು ದೊಡ್ಡ ಉಂಡೆ ಬೆಲ್ಲ ಹಾಕು."

ಟೈಲರ್‌ನ ಕೈಯಿಂದ ಸೌಟು ಬಿತ್ತು.

"ಏನು?"

"ಬೆಲ್ಲ ಕಣೋ, ಬೆಲ್ಲ. ನಮ್ಮ ಕಡೆ ಯಾರೂ ಹಾಕಲ್ಲ ನಿಜ. ನೀನು ಚಿಕ್ಕೋನಿದ್ದಾಗ ಬೆಲ್ಲ ಹಾಕದೆ ಇದ್ದರೆ ತಟ್ಟೆ ಎಸೀತಿದ್ದೆ. ಅದಕ್ಕೇ ನಿನ್ನ ತಟ್ಟೆಗೆ ಬೇರೆ ಕಲಸ್ತಿದ್ದೆ. ನಿನ್ನ ಹೆಂಡತಿಗೆ ಹೇಳು, ಅವಳು ಸರಿಯಾಗಿ ಮಾಡ್ತಾಳೆ. ಎಲ್ಲಿ, ಕೊಡು ಅವಳಿಗೆ ಫೋನು..."

ಟೈಲರ್ ಫೋನನ್ನು ಕತ್ತು ಹಿಸುಕುವಂತೆ ಹಿಡಿದು ಆರಿಸಿದ. ಹೆತ್ತ ತಾಯಿಯೇ ಹೀಗೆ ಕೈ ಕೊಟ್ಟರೆ! ಇಷ್ಟು ವರ್ಷ ನಮ್ಮ ಕಡೆ, ನಮ್ಮ ಕಡೆ ಎಂದು ಎದೆ ತಟ್ಟಿಕೊಂಡದ್ದು ಯಾವ ರುಚಿಗೆ? ಮೆಲ್ಲಗೆ ನಡುಮನೆಯ ಕಡೆ ಬಗ್ಗಿ ನೋಡಿದ. ಹೆಂಡತಿ ಪೇಪರಿನ ಪುಟ ತಿರುಗಿಸಿದಳು. ಪೇಪರು ತಲೆಕೆಳಗಾಗಿತ್ತು. ಅದರ ಹಿಂದೆ ಅವಳ ಹೆಗಲು ಕುಲುಕುತ್ತಿತ್ತು.

ಅಲ್ಲಿಗೆ ಅವನ ತಾಳ್ಮೆಯ ಕೊನೆಯ ಗುಂಡಿಯೂ ಕಿತ್ತುಹೋಯಿತು. ಬೆಲ್ಲದ ಡಬ್ಬಿಯನ್ನು ಎತ್ತಿ ಅಟ್ಟದ ಮೇಲೆಸೆದ. ಹೆಂಡತಿ ಮೇಲಿನ ಸಿಟ್ಟು, ತಾಯಿ ಮೇಲಿನ ಸಿಟ್ಟು ಎರಡನ್ನೂ ಕೂಡಿಸಿ ಹಿಡಿ ಹಿಡಿಯಾಗಿ ಖಾರದಪುಡಿ ಸುರಿದ. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಅದಕ್ಕೆ ಒಣಮೆಣಸಿನಕಾಯಿಯನ್ನು ಮುರಿಯದೆ, ಎಣಿಸದೆ ಸುರುವಿಬಿಟ್ಟ.

ಆ ಘಾಟು ಮೊದಲು ಅವನ ಮೂಗನ್ನು ಹಿಡಿಯಿತು. ಆಮೇಲೆ ನಡುಮನೆ, ಆಮೇಲೆ ಮೆಟ್ಟಿಲು. ಕ್ಷಣದಲ್ಲಿ ಇಡೀ ಕಟ್ಟಡ ಕೆಮ್ಮಿತು! ಮಾತು ಬಿಟ್ಟಿದ್ದ ಎದುರುಬದುರು ಮನೆಯವರು ಒಟ್ಟಿಗೇ ಬಾಗಿಲು ತೆರೆದು, ಒಟ್ಟಿಗೇ ಸೀನಿ, "ಯಾರ್ರೀ ಅದು?" ಎಂದು ಒಬ್ಬರನ್ನೊಬ್ಬರು ಕೇಳಿದರು. ಮೇಲಿನ ಮನೆಯ ಬಸ್ ಡ್ರೈವರು ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು, ಲುಂಗಿ ಎತ್ತಿ ಕಟ್ಟುತ್ತಾ ದಡದಡ ಇಳಿದು ಬಂದು ಬಾಗಿಲು ಬಡಿದ.

"ಏನ್ರೀ ಟೈಲರ್, ಹೆಣ ಸುಡ್ತಿದ್ದೀರಾ?"

"ಹುಳಿ ಮಾಡ್ತಿದ್ದೀನಿ! ಒಗ್ಗರಣೆ!"

"ನೀವು ಒಗ್ಗರಣೆ ಅಂತ ಬೀದಿಗೆಲ್ಲ ಗೊತ್ತು. ಒಳಗೆ ಸುಡ್ತಿರೋದು ಏನು ಅಂತ ಕೇಳಿದೆ."

ಅಡ್ಡಹೆಸರು ಕಿವಿಗೆ ಬಿದ್ದದ್ದು ಅದೇ ಮೊದಲು. ಟೈಲರ್ ಉರಿದುಹೋದ. "ಯಾರ್ರೀ ಒಗ್ಗರಣೆ? ನಿಮ್ಮ ಮನೆ ಸಾಸಿವೆ ಎಣ್ಣೆ ನಾತ ನಾವು ದಿನಾ ಕುಡೀತಿಲ್ವಾ?"

"ಆ ಹೊಗೇಲೇ ಹುಟ್ಟಿ ಬೆಳೆದೋನು ನಾನು. ನನ್ನ ಕಣ್ಣಲ್ಲೇ ನೀರು ತರಿಸಿದ್ದೀರಲ್ಲ, ಅದನ್ನ ಯೋಚನೆ ಮಾಡಿ!"

ಇಬ್ಬರೂ ಹೊಸ್ತಿಲ ಈಚೆ ಆಚೆ ನಿಂತು ಕೂಗಾಡುವಷ್ಟರಲ್ಲಿ ಒಳಗೆ ಬೇಳೆ ತಳ ಹಿಡಿಯಿತು. ಓಡಿಬಂದ ಟೈಲರ್ ಒಂದು ತೊಟ್ಟು ನಾಲಿಗೆಗೆ ಹಚ್ಚಿದ. ನಾಲಿಗೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಖಾರ ಇಳಿಸಲು ನೀರು ಹೊಯ್ದ. ಹುಳಿ ನೀರಾಯಿತು. ಗಟ್ಟಿಯಾಗಲೆಂದು ಇನ್ನಷ್ಟು ಬೇಳೆ ಹಾಕಿದ. ಸಪ್ಪೆಯಾಯಿತು. ಉಪ್ಪು ಹಾಕಿದ. ಆಗಲೇ ಹಾಕಿದ್ದು ಡ್ರೈವರಿನ ಜಗಳದಲ್ಲಿ ಮರೆತಿತ್ತು. ಉಪ್ಪು ಮುರಿಯಲು ಹುಣಸೆ, ಹುಣಸೆ ಮುರಿಯಲು ಮತ್ತೆ ಖಾರ. ಸಣ್ಣ ಪಾತ್ರೆ ತುಂಬಿ ದೊಡ್ಡ ಪಾತ್ರೆಗೆ, ಅದೂ ತುಂಬಿ ಮದುವೆಯಲ್ಲಿ ಉಡುಗೊರೆ ಬಂದ ಹಂಡೆಗೆ ಹುಳಿ ಏರಿತು. ಊಟಕ್ಕೆ ಬರುವವರು ಒಬ್ಬರು. ಹುಳಿ ಮಾತ್ರ ಒಂದು ದಿಬ್ಬಣಕ್ಕೆ!

ಇಷ್ಟರಲ್ಲಿ ಹೆಡ್‌ಮಿಸ್ಸು ಬಂದರು. ಸೀನುತ್ತಲೇ ಮೆಟ್ಟಿಲು ಹತ್ತಿ, ಸೀನುತ್ತಲೇ ನಮಸ್ಕಾರ ಹೇಳಿ, ಸೀನುತ್ತಲೇ ತಟ್ಟೆಯ ಮುಂದೆ ಕೂತರು. ಟೈಲರ್ ಬೆವರು ಒರೆಸಿಕೊಂಡು, ಸುಟ್ಟ ವಾಸನೆಗೆ ಕೊತ್ತಂಬರಿ ಸೊಪ್ಪಿನ ಮುಸುಕು ಹಾಕಿ ಬಡಿಸಿದ. ಆಕೆ ಒಂದು ತುತ್ತು ಬಾಯಿಗಿಟ್ಟರು. ಸಾವಿರಾರು ಮಕ್ಕಳನ್ನು ಒಂದೇ ನೋಟದಲ್ಲಿ ಕೂರಿಸಿದ್ದ ಆ ಕಣ್ಣುಗಳು ಮೊದಲು ದೊಡ್ಡದಾದವು, ಆಮೇಲೆ ಕೆಂಪಾದವು. ಚೊಂಬಿನ ನೀರಷ್ಟೂ ಒಂದೇ ಉಸಿರಿಗೆ ಖಾಲಿಯಾಯಿತು.

"ಹೇಗಿದೆ ಮಿಸ್? ನಮ್ಮ ಕಡೆ ಹುಳಿ ಅಲ್ವಾ?"

"ನಮ್ಮ ಕಡೆ ಇದನ್ನ ಹುಳಿ ಅನ್ನಲ್ಲ. ಅಪರಾಧ ಅಂತಾರೆ!" ಆಕೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಏನ್ರೀ ಟೈಲರ್, ಇಷ್ಟು ದೂರ ಬಂದಿದ್ದು ಇದಕ್ಕಾ? ಅವತ್ತು ನೀವು ಗುಂಡಿ ತರೋಕೆ ಪೇಟೆಗೆ ಹೋಗಿದ್ದಾಗ ನಿಮ್ಮವರು ನಿಮಗೆ ಡಬ್ಬಿ ತಂದಿದ್ದರು. ನಾನು ಹಸಿದು ಕೂತಿದ್ದು ನೋಡಿ ಅದರಲ್ಲೇ ಒಂದಿಷ್ಟು ಹಾಕಿಕೊಟ್ಟರು. ಆ ಸಿಹಿ ಹುಳಿ ತಿನ್ನೋಕೆ ನಾನು ಬಂದಿದ್ದು. ಹುಟ್ಟಿದಾಗಿನಿಂದ ಖಾರ ತಿಂದು ನನ್ನ ಹೊಟ್ಟೆ ಕೆಟ್ಟು ಕೆರ ಹಿಡಿದುಹೋಗಿದೆ!"

ಟೈಲರ್ ಹೆಂಡತಿಯ ಮುಖ ನೋಡಿದ. ಹೆಂಡತಿ ಸೂರು ನೋಡಿದಳು.

"ಮೊದಲೇ ಹೇಳೋಕೇನಾಗಿತ್ತೇ ನಿನಗೆ?"

"ಹೇಳೋಕೆ ಬಂದೆ. ಸುಮ್ಮನಿರು ಅಂದ್ರಿ. ಸುಮ್ಮನಿದ್ದೆ."

"ಸರಿ, ಈಗ ಏಳು, ಒಂದಿಷ್ಟು ಹುಳಿ ಮಾಡು."

"ಹೇಗೆ ಮಾಡಲಿ? ಹೊಸ್ತಿಲು ತುಳಿಯಲ್ಲ ಅಂದಿದ್ದೀನಿ. ಮಾತು ಅಂದ್ರೆ ಮಾತು."

"ಲೇ, ಮಾನ ಹೋಗ್ತಿದೆ!"

"ನನ್ನದು ದಿನಾ ಹೋಗ್ತಿತ್ತು. ಆಗ ನಿಮಗೆ ಊಟ ಸೇರ್ತಿತ್ತು."

ಅವಳು ಇದನ್ನೂ ತಗ್ಗಿದ ದನಿಯಲ್ಲೇ ಹೇಳಿದಳು. ಆದರೆ ಕಣ್ಣು ತುಂಬಿತ್ತು. ಅದು ಒಗ್ಗರಣೆಯ ಘಾಟಿಗೆ ಬಂದ ನೀರಲ್ಲ ಎಂದು ಟೈಲರ್‌ಗೂ ತಿಳಿಯಿತು. ಬೈಗುಳ ಬರಲಿಲ್ಲ. ಬೇರೆ ಮಾತು ಅಭ್ಯಾಸವಿರಲಿಲ್ಲ.

ಆಮೇಲೆ ಅವನು ಮಾಡಿದ್ದನ್ನು ಆ ಕಟ್ಟಡ ಹಿಂದೆ ಕಂಡಿರಲಿಲ್ಲ. ಅಡುಗೆಮನೆಗೆ ಹೋಗಿ ಗ್ಯಾಸ್ ಒಲೆಯನ್ನೇ ಎತ್ತಿಕೊಂಡು ನಡುಮನೆಗೆ ಬಂದ! ಹಿಂದೆಯೇ, ನ್ಯಾಯ ಕೇಳಲು ಇನ್ನೂ ಬಾಗಿಲಲ್ಲೇ ನಿಂತಿದ್ದ ಡ್ರೈವರು ಸಿಲಿಂಡರನ್ನು ಮಗುವಿನಂತೆ ತಬ್ಬಿಕೊಂಡು, "ಇಲ್ಲಿಡಲಾ, ಅಲ್ಲಿಡಲಾ?" ಎನ್ನುತ್ತಾ ಬಂದ. ಟೈಲರ್ ಅಟ್ಟ ಹತ್ತಿ ಬೆಲ್ಲದ ಡಬ್ಬಿ ಇಳಿಸಿದ. ತಲೆಯ ತುಂಬ ಜೇಡರ ಬಲೆ. ನಡುಮನೆಯ ಮಧ್ಯೆ ಹೆಂಡತಿ ಮಣೆ ಹಾಕಿಕೊಂಡು ಕೂತಳು.

"ಮಿಸ್ಸು ಹಸಿದಿದ್ದಾರೆ ಅಂತ ಮಾಡ್ತಿದ್ದೀನಿ. ನಿಮಗೋಸ್ಕರ ಅಲ್ಲ" ಎಂದು ಮೊದಲೇ ತಿಳಿಸಿದಳು. "ಬೇಳೆ."

ಟೈಲರ್ ಬೇಳೆ ಕೊಟ್ಟ.

"ಕಾಯಿ ತುರೀರಿ. ಸಣ್ಣಗೆ. ಅದೇನು, ಕಾಯಿ ತುರೀತಿದ್ದೀರೋ, ಅದರ ಜೊತೆ ಜಗಳ ಆಡ್ತಿದ್ದೀರೋ?"

ಟೈಲರ್ ಸಣ್ಣಗೆ ತುರಿದ. ಹುಳಿ ಕುದಿಯಿತು. ಬೆಲ್ಲ ಬಿತ್ತು, ಸಾಸಿವೆ ಕಾಳಿನಷ್ಟಲ್ಲ, ನಿಂಬೆಹಣ್ಣಿನಷ್ಟು. ಹೆಡ್‌ಮಿಸ್ಸು ಮೂರು ಸಲ ಹಾಕಿಸಿಕೊಂಡರು. ಡ್ರೈವರು "ನಮ್ಮ ಕಡೆ ಹೀಗಿಲ್ಲ" ಎನ್ನುತ್ತಲೇ ನಾಲ್ಕನೇ ಸಲಕ್ಕೆ ತಟ್ಟೆ ಒಡ್ಡಿದ. ಟೈಲರ್ ತಟ್ಟೆ ಬರಿದಾಗುವವರೆಗೆ ತಿಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ಯಾರಿಗೋ ಹೇಳುವವನಂತೆ ಗೋಡೆ ನೋಡುತ್ತಾ, "ಚೆನ್ನಾಗಿದೆ" ಎಂದ.

"ಏನಂದ್ರಿ?" ಹೆಂಡತಿ ಕೇಳಿದಳು.

"ಕೇಳಿಸಿತಲ್ಲ!" ಟೈಲರ್ ಸಿಡಿದ.

ಕೈ ತೊಳೆದ ಮೇಲೆ ಅವನು ಆಸೆಯಿಂದ ಹೆಡ್‌ಮಿಸ್ಸಿನ ಮುಂದೆ ಕೈ ಕಟ್ಟಿ ನಿಂತ. "ಮಿಸ್, ಆ ವಿಷಯ... ಯೂನಿಫಾರ್ಮು..."

"ಯೂನಿಫಾರ್ಮಾ? ಅದನ್ನ ಹೋದ ತಿಂಗಳೇ ಬೇರೆಯವರಿಗೆ ಕೊಟ್ಟಾಯ್ತು. ನಾನು ಬಂದದ್ದು ನಿಮ್ಮವರ ಹತ್ತಿರ ಮಾತಾಡೋಕೆ." ಆಕೆ ಹೆಂಡತಿಯ ಕಡೆ ತಿರುಗಿದರು. "ನೋಡಮ್ಮ, ನಮ್ಮ ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆಯವರು. ಮಧ್ಯಾಹ್ನದ ಊಟ ಬಡಿಸಿದರೆ ಅರ್ಧಕ್ಕರ್ಧ ತಟ್ಟೇಲೇ ಬಿಡ್ತಾರೆ. ಶಾಲೆಯ ಅಡುಗೆಮನೆ ನೀನು ನೋಡ್ಕೋಬೇಕು. ಕೈ ಕೆಳಗೆ ನಾಲ್ಕು ಜನ ಇರ್ತಾರೆ. ಆಗುತ್ತಾ?"

ಟೈಲರ್ ಕೂತುಬಿಟ್ಟ. ಕೂತದ್ದು ತುರಿಯುವ ಮಣೆಯ ಪಕ್ಕ, ಅದೃಷ್ಟಕ್ಕೆ ಮೇಲಲ್ಲ.

ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡು, ಅವಸರ ಮಾಡದೆ ಯೋಚಿಸಿದಳು.

"ಆಗುತ್ತೆ ಮಿಸ್. ನಾಳೆಯಿಂದಲೇ ಬರ್ತೀನಿ. ಆದರೆ ಅಡುಗೆಯವರಿಗೆಲ್ಲ ಒಂದೇ ಥರದ ಏಪ್ರನ್ ಬೇಕಾಗುತ್ತೆ" ಎಂದಳು. ಆಮೇಲೆ ಗಂಡನ ಕಡೆ ನೋಡದೆಯೇ ಕೇಳಿದಳು:

"ಒಳ್ಳೇ ಟೈಲರ್ ಯಾರಾದ್ರೂ ಗೊತ್ತಾ ಮಿಸ್? ಸ್ವಲ್ಪ ಸಿಟ್ಟು ಕಮ್ಮಿ ಇರೋರು?"