ಒಂದು ಸೈಜ್ ದೊಡ್ಡದು

ಮ್ಯಾನೇಜರಿಗೆ ಸಮುದ್ರದ ಹುಚ್ಚು ಹಿಡಿದದ್ದು ಗುಮಾಸ್ತನ ತಪ್ಪಲ್ಲ. ಅವರೆದುರು ಬಾಯಿ ಬಿಟ್ಟದ್ದು ಮಾತ್ರ ಅವನದೇ ತಪ್ಪು.

"ನಾಳೆ ಸ್ಕೂಬಾ ಡೈವಿಂಗಿಗೆ ಹೋಗ್ತಿದ್ದೀನಿ. ಜೊತೆಗೆ ಬರ್ಬೇಕಾದವನು ಕೈ ಕೊಟ್ಟ. ನೀರೊಳಗೆ ಒಬ್ಬನೇ ಇಳಿಯೋ ಹಾಗಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಅಭ್ಯಾಸ ಇದೆಯಾ?" ಎಂದು ಬೆಳಿಗ್ಗೆ ಮ್ಯಾನೇಜರ್ ಕೇಳಿದಾಗ ಇಡೀ ಕಚೇರಿ ಫೈಲುಗಳಲ್ಲಿ ಮುಖ ಹುದುಗಿಸಿತು. ಸಹಾಯಕ ಮ್ಯಾನೇಜರ್ ಕುರ್ಚಿ ಬಹಳ ದಿನದಿಂದ ಖಾಲಿ ಬಿದ್ದಿತ್ತು. ಅದರ ಮೇಲೆ ಕಣ್ಣಿಟ್ಟಿದ್ದ ಗುಮಾಸ್ತ ಎದ್ದು ನಿಂತು, "ನನಗೆ ಅದೆಲ್ಲ ನೀರು ಕುಡಿದಷ್ಟು ಸುಲಭ ಸಾರ್" ಎಂದುಬಿಟ್ಟ. ತಲೆಗೆ ನೀರು ಹಾಕಿಕೊಳ್ಳುವಾಗಲೂ ಕಿಟಕಿಯ ಸರಳು ಹಿಡಿದುಕೊಳ್ಳುವ ಆಸಾಮಿ ಇವನೆಂಬುದು ಹೆಂಡತಿಯೊಬ್ಬಳಿಗೇ ಗೊತ್ತಿತ್ತು.

"ಸ್ವಂತ ಸಾಮಾನಿದೆ ತಾನೇ?"

"ಇಲ್ದೇ ಇರುತ್ತಾ ಸಾರ್!"

ಮಧ್ಯಾಹ್ನವೇ ರಜೆ ಹಾಕಿ ಅಂಗಡಿಗೆ ಓಡಿದ. ಜೊತೆಗೆ ಹೆಂಡತಿಯ ತಮ್ಮನೂ ಹೊರಟ. ಭಾವಮೈದುನ ಜನ್ಮದಲ್ಲಿ ಒಂದು ಕೊಳಕ್ಕೂ ಇಳಿದವನಲ್ಲ. ಸಲಹೆ ಕೊಡಲು ಅದೇನೂ ಅಡ್ಡಿಯಾಗಲಿಲ್ಲ.

ಅಂಗಡಿಯಾಕೆ ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕೊಂದನ್ನು ಗುಮಾಸ್ತನ ಮುಖಕ್ಕೆ ಒತ್ತಿ, "ಮೂಗಿಂದ ಉಸಿರೆಳ್ಕೊಳ್ಳಿ. ಪಟ್ಟಿ ಇಲ್ದೇನೇ ಅಂಟ್ಕೊಂಡ್ರೆ ಸರಿಯಾದ ಅಳತೆ" ಎಂದಳು. ಅವನು ಎಳೆದುಕೊಂಡ. ಮಾಸ್ಕು ಕಳಚಿ ಬಿತ್ತು.

"ಮೀಸೆ ಸಂದಿಯಿಂದ ಗಾಳಿ ಬರ್ತಿದೆ. ಗಾಳಿ ಬಂದ ಕಡೆ ನೀರೂ ಬರುತ್ತೆ."

"ಮೀಸೆ ಮುಖ್ಯವೋ, ಕುರ್ಚಿ ಮುಖ್ಯವೋ ಭಾವ?" ಎಂದು ಭಾವಮೈದುನ ಅವನನ್ನು ಎದುರಿನ ಕ್ಷೌರದಂಗಡಿಗೆ ಎಳೆದುಕೊಂಡು ಹೋದ. ಮದುವೆಗೆ ಮುಂಚಿನಿಂದ ಎಣ್ಣೆ ಹಚ್ಚಿ ಸಾಕಿದ ಮೀಸೆ ಎರಡೇ ಎಳೆತಕ್ಕೆ ನೆಲ ಸೇರಿತು. ಗುಮಾಸ್ತನಿಗೆ ಅಳುವೇ ಬಂತು.

ಆಮೇಲೆ ಫಿನ್. ಅಂದರೆ ನೀರನ್ನು ಒದ್ದು ಮುಂದೆ ಹೋಗಲು ಕಾಲಿಗೆ ತೊಡುವ, ಬಾತುಕೋಳಿ ಪಾದದಂಥ ರಬ್ಬರಿನ ಹಲಗೆ. "ಬಿಗಿಯಾಗಿ ಕೂರಬೇಕು. ಸಡಿಲ ಇದ್ರೆ ಕಳಚಿಹೋಗುತ್ತೆ" ಎಂದಳು ಅಂಗಡಿಯಾಕೆ.

"ಅವಳ ಮಾತು ಕೇಳ್ಬೇಡಿ. ನೀರಲ್ಲಿ ಕಾಲು ಊದ್ಕೊಳ್ಳುತ್ತೆ. ಬಟ್ಟೆ ಒಗೆದ ಮೇಲೆ ಅಕ್ಕನ ಬೆರಳು ನೋಡಿಲ್ವಾ? ಒಂದು ಸೈಜ್ ದೊಡ್ಡದೇ ಇರಲಿ" ಎಂದ ಭಾವಮೈದುನ. ಮನೆಯವರ ಮಾತೆಂದು ಗುಮಾಸ್ತ ದೊಡ್ಡದನ್ನೇ ಕಟ್ಟಿಸಿಕೊಂಡ.

ಸಂಜೆ ಮನೆಯಲ್ಲಿ ತಾಲೀಮು. ಮೀಸೆಯಿಲ್ಲದ ಗಂಡನನ್ನು ನೋಡಿ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಫಿನ್ನಿನ ಪಟಪಟ ಸದ್ದಿಗೆ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಹಾಜರಾದರು.

"ಇದೇನಯ್ಯಾ ನಡಿಗೆ? ನೆಲದ ಮೇಲೇ ನೆಟ್ಟಗಿಲ್ಲ, ನೀರಲ್ಲೇನು ಕಿಸೀತೀಯ? ನಡಿ, ಹೊರಗಿನ ಮೆಟ್ಟಿಲು ಇಳಿ! ಎಡ! ಬಲ!"

"ಮಾಸ್ತರೇ, ಇದನ್ನ ಹಾಕ್ಕೊಂಡು..."

"ಎದುರು ಮಾತಾಡ್ಬೇಡ! ಎಡ! ಬಲ!"

ಎಡ ಸರಿಯಾಗಿಯೇ ಬಿತ್ತು. ಬಲಗಾಲಿನ ಸಡಿಲ ಫಿನ್ ಮೇಲಿನ ಮೆಟ್ಟಿಲಲ್ಲೇ ಉಳಿಯಿತು, ಗುಮಾಸ್ತ ಮಾತ್ರ ಕೆಳಗಿನವರೆಗೂ ಹೋದ.

ಬಲಗಾಲು ಉಳುಕಿ, ಪಾದವೆಲ್ಲ ದಿಂಬಿನಂತೆ ಊದಿಕೊಂಡಿತು. ಎತ್ತಿ ತಂದು ಮಂಚದ ಮೇಲೆ ಹಾಕಿದಾಗ ಅವನು ಬಾಯಲ್ಲಿ "ಅಯ್ಯೋ" ಎನ್ನುತ್ತಿದ್ದ, ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಜೀವವೂ ಉಳಿಯಿತು, ಮಾನವೂ ಉಳಿಯಿತು! ಫೋನಿನಲ್ಲಿ ಮ್ಯಾನೇಜರಿಗೆ ನರಳಿ ನರಳಿ ಸುದ್ದಿ ತಿಳಿಸಿದ.

ಮ್ಯಾನೇಜರ್ ಖುದ್ದಾಗಿ ಓಡಿಬಂದರು. "ನನ್ನ ಜೊತೆ ಬರೋಕೆ ಇಷ್ಟೊಂದು ತಯಾರಿನಾ! ಆ ಕುರ್ಚಿ ನಿಮ್ದೇ ಕಣ್ರೀ!"

ಗುಮಾಸ್ತನ ಕಣ್ಣು ತುಂಬಿ ಬಂತು.

"ಕಾಲಿನ ಚಿಂತೆ ಬಿಡಿ. ನೀರಲ್ಲಿ ಅದರ ಮೇಲೆ ಭಾರವೇ ಬೀಳಲ್ಲ. ದೋಣಿವರೆಗೆ ನಾನೇ ಹೊತ್ಕೊಂಡು ಹೋಗ್ತೀನಿ."

"ಸಾರ್, ಇಷ್ಟು ಊದಿರೋ ಕಾಲಿಗೆ ಫಿನ್ ಹಿಡಿಸೋದೇ ಇಲ್ಲ!"

ಮ್ಯಾನೇಜರ್ ಮಂಡಿಯೂರಿ ಫಿನ್ನನ್ನು ಬಲಗಾಲಿಗೆ ತೂರಿಸಿದರು. ಅದು ಹೇಳಿ ಮಾಡಿಸಿದ ಹಾಗೆ ಬಿಗಿಯಾಗಿ ಕೂತಿತು.

"ನಾನು ಹೇಳ್ಲಿಲ್ವಾ, ಕಾಲು ಊದ್ಕೊಳ್ಳುತ್ತೆ ಅಂತ?" ಭಾವಮೈದುನ ಎದೆಯುಬ್ಬಿಸಿದ.

ಮುಳುಗುವವನಿಗೆ ಉಳಿದದ್ದು ಎಡಗಾಲೊಂದೇ. ಗುಮಾಸ್ತ ಅದಕ್ಕೂ ಫಿನ್ ಹಾಕಿ ಗಡಗಡ ಅಲ್ಲಾಡಿಸಿದ. ಅದು ಕಳಚಿ ಗೋಡೆಗೆ ಬಡಿಯಿತು. "ನೋಡಿ ಸಾರ್, ಈ ಕಾಲಿಗೆ ಸಡಿಲ! ಹೇಗೆ ಬರ್ಲಿ ಹೇಳಿ?"

ಬಾಗಿಲಲ್ಲೇ ನಿಂತಿದ್ದ ಡ್ರಿಲ್ ಮಾಸ್ತರು ಒಮ್ಮೆ ಅವನ ಎಡಗಾಲನ್ನೂ ಒಮ್ಮೆ ಹೊರಗಿನ ಮೆಟ್ಟಿಲನ್ನೂ ನೋಡಿ ತೋಳು ಮಡಚಿದರು.

"ಅದಕ್ಯಾಕೆ ಯೋಚನೆ? ಏಳಯ್ಯಾ, ಇನ್ನೊಂದ್ಸಲ ಇಳಿದ್ಬಿಡು!"