ಖಾಲಿ ಚೌಕ

ಎಲ್ಲ ಶುರುವಾದದ್ದು ಟಿಕೆಟ್ ಕೌಂಟರಿನ ಗೆಳತಿ ಆಡಿದ ಒಂದು ಮಾತಿನಿಂದ.

"ಹೆರಿಗೆ ಏನೂ ಅಲ್ಲ ಕಣೇ, ಒಂದು ದಿನದ್ದು. ಏಳನೇ ದಿನ ನಮ್ಮ ಯಜಮಾನ್ರು ಬಾಗಿಲು ಎಳ್ಕೊಂಡು ಕೆಲಸಕ್ಕೆ ಹೋದ್ರಲ್ಲ, ಆಮೇಲೆ ಇತ್ತು ನೋಡು. ಮಗೂನೂ ಅಳ್ತಿತ್ತು, ನಾನೂ ಅಳ್ತಿದ್ದೆ. ಯಾರು ಮೊದಲು ಶುರು ಮಾಡಿದ್ದು ಅಂತ ಇವತ್ತಿಗೂ ಗೊತ್ತಿಲ್ಲ."

ಹೇಳಿದವಳು ನಕ್ಕಳು. ಕೇಳಿದ ಚಾರ್ಟಮ್ಮ ತನ್ನ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಚಾರ್ಟಮ್ಮ ಎಂಬುದು ಬಸ್ ಡಿಪೋದವರು ಇಟ್ಟ ಹೆಸರು. ಯಾವ ಡ್ರೈವರು ಯಾವ ದಿನ ಯಾವ ಬಸ್ಸು ಎಂದು ಚೌಕಗಳಲ್ಲಿ ತುಂಬುವುದೇ ಒಂಬತ್ತು ವರ್ಷದಿಂದ ಅವಳ ಕೆಲಸ. ಲೋಕದಲ್ಲಿ ಅವಳು ಹೆದರುತ್ತಿದ್ದುದು ಒಂದಕ್ಕೇ, ಖಾಲಿ ಚೌಕಕ್ಕೆ. ಒಂದು ಚೌಕ ಖಾಲಿ ಉಳಿಯಿತೆಂದರೆ ಬಸ್ಸು ಹೊರಡುವುದಿಲ್ಲ, ನಿಲ್ದಾಣದಲ್ಲಿ ಅರವತ್ತು ಜನ ಅವಳನ್ನು ಬೈಯುತ್ತ ನಿಂತಿರುತ್ತಾರೆ.

ಈಗ ಅವಳ ಮುಂದೆ ಬಾಣಂತನದ ನಲವತ್ತೆರಡು ಖಾಲಿ ಚೌಕಗಳಿದ್ದವು, ದಿನಕ್ಕೊಂದರಂತೆ. "ಮೊದಲ ಆರು ವಾರ ಒಬ್ಬರೇ ಇರಬೇಡಿ, ಮನಸ್ಸು ಕುಗ್ಗಿದ ಹಾಗನ್ನಿಸಿದ್ರೆ ತಕ್ಷಣ ಯಾರಿಗಾದ್ರೂ ಹೇಳಿ" ಎಂದಿದ್ದಳು ಆಸ್ಪತ್ರೆಯ ನರ್ಸು. ಹೇಳಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ! ಅದೇ ಡಿಪೋದಲ್ಲಿ ಡ್ರೈವರಾಗಿರುವ ಗಂಡನಿಗೆ ಸಿಗುವುದು ಆರೇ ದಿನ ರಜೆ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಮ್ಮ ಇದ್ದಿದ್ದರೆ ಚಾರ್ಟೇ ಬೇಕಿರಲಿಲ್ಲ ಎಂದುಕೊಂಡು ಚಾರ್ಟಮ್ಮ ಕಣ್ಣೊರೆಸಿಕೊಂಡಳು.

ಹೆರಿಗೆ ರಜೆಯ ಮೊದಲ ದಿನ ಬೆಳಗ್ಗೆ, ಗಂಡ ಡ್ಯೂಟಿಗೆ ಹೋದ ಮೇಲೆ, ಊಟದ ಮೇಜಿನ ಮೇಲೆ ಡಿಪೋದ ಚಾರ್ಟ್ ಹಾಳೆಯನ್ನು ಹರಡಿಕೊಂಡು ಕೂತಳು. ಅದರಲ್ಲಿ ಮೂರು ಕಾಲಂ: ಡ್ಯೂಟಿ ಯಾರದು, ಷರತ್ತು ಏನು, ಹೊಣೆ ಯಾರದು. ಡಿಪೋದಲ್ಲಿ ಷರತ್ತಿಲ್ಲದ ಡ್ರೈವರೇ ಇಲ್ಲ. ಒಬ್ಬನಿಗೆ ಸೀಟಿಗೆ ದಿಂಬು ಬೇಕು, ಇನ್ನೊಬ್ಬನಿಗೆ ಹಳೇ ಬಸ್ಸು ಬೇಡ. ಅದನ್ನೆಲ್ಲ ನೋಡಿಕೊಳ್ಳುವ ವರ್ಕ್‌ಶಾಪಿನವರದೋ ಸ್ಟೋರಿನವರದೋ ಹೆಸರು ಮೂರನೇ ಕಾಲಮ್ಮಿಗೆ.

ಮೊದಲ ಆರು ಚೌಕ ಗಂಡನಿಗೆ. ಆಮೇಲೆ ಅತ್ತೆಗೆ ಫೋನ್ ಮಾಡಿದಳು.

"ಹದಿನಾಲ್ಕು ದಿನ ತಾನೇ? ಬರ್ತೀನಮ್ಮ. ನಾನಲ್ದೆ ಇನ್ಯಾರು ಬರ್ತಾರೆ!"

ಹೋದ ಜೀವ ಬಂದಂತಾಯಿತು. ಅಲ್ಲಿಗೇ ಫೋನ್ ಇಟ್ಟಿದ್ದರೆ ಆಗುತ್ತಿತ್ತು. ಒಂಬತ್ತು ವರ್ಷದ ಅಭ್ಯಾಸ ಬಿಡಬೇಕಲ್ಲ. "ಷರತ್ತು ಏನಾದ್ರೂ ಇದೆಯಾ ಅತ್ತೆ?" ಎಂದುಬಿಟ್ಟಳು.

"ಕೇಳಿದ್ದು ಒಳ್ಳೇದಾಯ್ತು ನೋಡು. ನನ್ನ ಮಂಡಿಗೆ ಎರಡು ಹೊತ್ತೂ ಎಣ್ಣೆ ತಿಕ್ಕೋರು ಒಬ್ರು ಬೇಕು."

ಚಾರ್ಟಮ್ಮ ಬರೆದುಕೊಂಡಳು. ಹೊಣೆಯ ಕಾಲಮ್ಮಿನಲ್ಲಿ 'ಮನೆಯವರು' ಎಂದು ಹಾಕಿ ಮುಂದಕ್ಕೆ ಹೋದಳು. ಇನ್ನೂ ಇಪ್ಪತ್ತೆರಡು ಚೌಕ ಬಾಕಿ ಇರುವಾಗ ಎಣ್ಣೆಯ ಬಗ್ಗೆ ಯೋಚಿಸಲು ಪುರುಸೊತ್ತೆಲ್ಲಿ?

ಕೆಳಮನೆಯ ನಿವೃತ್ತ ಹೆಡ್ಮಿಸ್ಸು ಹತ್ತು ದಿನಕ್ಕೆ ಒಪ್ಪಿದರು. "ಷರತ್ತಾ? ಕೇಳಿದ್ದು ಒಳ್ಳೇದಾಯ್ತು. ಮಧ್ಯಾಹ್ನ ಎರಡರಿಂದ ನಾಲ್ಕು ನಾನು ಮಲಗ್ತೀನಿ. ಆಗ ಮಗು ಅಳಬಾರದು."

"ಮಗು ಅಳಬಾರದಾ ಮೇಡಂ?"

"ಶಿಸ್ತು ಮೊದಲಿಂದಲೇ ಬರಬೇಕಮ್ಮ."

ಹೊಣೆ: ಮನೆಯವರು.

ಎದುರುಮನೆಯ ಟೈಲರಕ್ಕ ಏಳು ದಿನ ಹೊಲಿಗೆ ಮೆಷಿನ್ ಸಮೇತ ಬರುತ್ತೇನೆಂದಳು. ಅವಳ ಇಬ್ಬರು ಮಕ್ಕಳೂ ಶಾಲೆ ಬಿಟ್ಟ ಮೇಲೆ ಇಲ್ಲಿಗೇ ಬರುತ್ತಾರೆ, ಅವರ ಲೆಕ್ಕದ ಹೋಂವರ್ಕ್ ಯಾರಾದರೂ ನೋಡಬೇಕು. ಹೊಣೆ: ಮನೆಯವರು.

ಉಳಿದದ್ದು ಐದು ಚೌಕ. ಚಿಕ್ಕಮ್ಮನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ಗಂಟೆಗೆ, ಎರಡಕ್ಕೆ, ಮೂರಕ್ಕೆ ಮಾಡಿದಳು. ಐದು ಬಿಳಿ ಚೌಕಗಳು ಅವಳನ್ನೇ ದಿಟ್ಟಿಸುತ್ತಿದ್ದವು. ಮುಚ್ಚಿದ ಬಾಗಿಲು, ಅಳುವ ಕೂಸು, ಮಗುವಿಗೆ ಏನಾಗಿದೆಯೆಂದೇ ತಿಳಿಯದ ತಾನು, ಎಲ್ಲ ಕಣ್ಣಿಗೆ ಕಟ್ಟಿತು. ಒಳಗಿದ್ದ ಕೂಸಿಗೂ ವಿಷಯ ತಿಳಿಯಿತೋ ಏನೋ, ಜೋರಾಗಿ ಒದೆಯಿತು. ಗಾಬರಿಯಲ್ಲಿ ನೀರಿನ ಲೋಟ ಕೈಜಾರಿ ಅತ್ತೆಯ ಹದಿನಾಲ್ಕು ದಿನವೂ ತೊಯ್ದುಹೋಯಿತು. ಹಾಳೆಗೆ ಇಸ್ತ್ರಿ ಹಾಕಿ ಒಣಗಿಸಿದಳು.

ನಾಲ್ಕಕ್ಕೆ ಚಿಕ್ಕಮ್ಮನೇ ಫೋನ್ ಮಾಡಿದಳು. "ಬರದೆ ಇರ್ತೀನೇನೇ? ಷರತ್ತಾ? ಕೇಳಿದ್ದು ಒಳ್ಳೇದಾಯ್ತು. ಮಗೂನ ಮಾತ್ರ ನನ್ನ ಕೈಗೆ ಕೊಡಬೇಡ, ಬೀಳಿಸಿಬಿಡ್ತೀನಿ ಅಂತ ಭಯ. ಊಟ ಮಾತ್ರ ಬಿಸಿಬಿಸಿ ಇರಬೇಕು."

ಸಂಜೆ ಗಂಡ ಬಂದಾಗ ಚಾರ್ಟಮ್ಮ ಯುದ್ಧ ಗೆದ್ದವಳಂತೆ ಹಾಳೆ ಹಿಡಿದು ನಿಂತಿದ್ದಳು. "ಒಂದೂ ಖಾಲಿ ಇಲ್ಲ ರೀ!"

ಅವನು ಷೂ ಬಿಚ್ಚದೆ ಓದಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು. "ಮಂಡಿಗೆ ಎಣ್ಣೆ, ಮನೆಯವರು. ಮಗು ಅಳದ ಹಾಗೆ ನೋಡೋದು, ಮನೆಯವರು. ಹೋಂವರ್ಕ್, ಮನೆಯವರು. ಬಿಸಿ ಊಟ, ಮನೆಯವರು. ಅಲ್ವೇ, ನಾನು ಬಸ್ಸಲ್ಲಿರ್ತೀನಿ. ಈ ಮನೆಯವರು ಅಂದ್ರೆ ಯಾರು?"

ಚಾರ್ಟಮ್ಮ ಸುತ್ತ ನೋಡಿದಳು. ಆ ಮನೆಗೆ ಅಂತ ಇದ್ದದ್ದು ಅವನು, ಅವಳು, ಇನ್ನೂ ಹುಟ್ಟಬೇಕಾದ ಕೂಸು.

"ನಮ್ಮಂಥ ಡ್ರೈವರುಗಳಿಗಾದ್ರೆ ವಾರಕ್ಕೊಂದು ರಜೆ ಹಾಕ್ತೀಯ. ನಿನಗೆ ಇದರಲ್ಲಿ ಒಂದಾದ್ರೂ ಇದೆಯಾ?"

ಅವಳು ರಬ್ಬರ್ ತೆಗೆದುಕೊಂಡು ಚಿಕ್ಕಮ್ಮನ ಒಂದು ದಿನ ಅಳಿಸಿದಳು. ಚೌಕ ಬಿಳಿಯಾಗಿ ಕೂತಿತು. ಅದನ್ನು ನೋಡಲಾಗದೆ ಮತ್ತೆ ಹೆಸರು ಬರೆದಳು. "ಒಬ್ಬಳೇ ಇರೋಕೆ ನಂಗೆ ಭಯ ಆಗುತ್ತೆ ರೀ" ಎಂದು ಅತ್ತೇಬಿಟ್ಟಳು.

ಗಂಡ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದ. "ಇವರನ್ನೆಲ್ಲ ನೋಡ್ಕೊಳ್ಳೋಕೆ ಒಬ್ರನ್ನ ಕರೆಯೋಣ. ಯಾವ ತಂಟೆಯೂ ಇಲ್ಲದೋರು. ನಿನ್ನ ಕೌಂಟರ್ ಗೆಳತಿ ಇದ್ದಾಳಲ್ಲ."

ಫೋನ್ ಹೋಯಿತು. ಗೆಳತಿ ಒಂದೇ ಮಾತಿಗೆ ಒಪ್ಪಿದಳು. "ಅಯ್ಯೋ, ನಾನಿಲ್ವೇನೇ? ಅಷ್ಟೂ ದಿನ ರಜೆ ಹಾಕ್ತೀನಿ. ನಂಗೇನೂ ಬೇಡ, ಮೂಲೇಲಿ ಒಂದು ಚಾಪೆ ಸಾಕು."

ಚಾರ್ಟಮ್ಮನ ಕಣ್ಣಲ್ಲಿ ಮತ್ತೆ ನೀರು, ಈ ಸಲ ಸಂತೋಷಕ್ಕೆ. ಪೆನ್ಸಿಲ್ ತಾನಾಗಿಯೇ ಎರಡನೇ ಕಾಲಮ್ಮಿಗೆ ಸರಿಯಿತು. ಗಂಡ ಗಾಬರಿಯಿಂದ ಬಾಯಿಯ ಮೇಲೆ ಬೆರಳಿಟ್ಟು ಬೇಡ ಬೇಡವೆಂದು ತಲೆಯಾಡಿಸಿದ.

"ಷರತ್ತು ಏನಾದ್ರೂ ಇದೆಯಾ?"

"ಕೇಳಿದ್ದು ಒಳ್ಳೇದಾಯ್ತು ನೋಡು..."