ಎಳನೀರು ಕುಡಿದ ಶಾಲೆ

ನಮ್ಮ ಚಿಕ್ಕಮ್ಮನಂಥ ಹೆದರುಪುಕ್ಕಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕನ್ನು ಜರಡಿ ಹಿಡಿದರೂ ನಿಮಗೆ ಸಿಗಲಾರರು! ಇದನ್ನು ನಾನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದೇನೆ. ಯಾಕೆಂದರೆ ಎರಡನೆಯ ಸ್ಥಾನ ನನ್ನದೇ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಹೋಗಿ ನೋಡಿ, ಅಷ್ಟರಲ್ಲಿ ಬಸ್ಸು ತಪ್ಪಿಸಿಕೊಂಡು, ತಪ್ಪಿದ್ದೇ ಒಳ್ಳೆಯದಾಯಿತು, ಅದೆಲ್ಲಾದರೂ ಉರುಳಿದ್ದರೆ ಎಂದು ಸಮಾಧಾನ ಪಡುವ ಜಾತಿ ನಾನು. ಐವತ್ತು ಹತ್ತಿರವಾದರೂ ಈ ಚಾಳಿ ಹೋಗಿಲ್ಲ. ಇಂಥ ನಾನು ಚಿಕ್ಕಮ್ಮನ ಪಕ್ಕದಲ್ಲಿ ನಿಂತರೆ ಗಡಿ ಕಾಯುವ ಸಿಪಾಯಿಯಂತೆ ಕಾಣುತ್ತಿದ್ದೆ ಎಂದರೆ ಅವರ ಮಟ್ಟ ಎಂಥದ್ದು ಎಂದು ಊಹಿಸಿಕೊಳ್ಳಿ!

ಚಿಕ್ಕಮ್ಮ ಶೆಟ್ಟಿಕೆರೆ ಬಸ್ಸಿನ ದಾರಿಯಲ್ಲಿ ಇಳಿದು ಎರಡು ಮೈಲಿ ನಡೆಯಬೇಕಾದ ಒಂದು ಹಳ್ಳಿಯ ಶಾಲೆಗೆ ಹೆಡ್‌ಮಿಸ್ಟ್ರೆಸ್ಸು. ಮನೆಯಿಂದ ಶಾಲೆಗೆ ಹತ್ತಿರದ ದಾರಿಯೆಂದರೆ ತೆಂಗಿನ ತೋಟದೊಳಗಿನ ಕಾಲುಹಾದಿ. ನಮ್ಮ ಸೀಮೆಯ ಜನ ಹುಟ್ಟಿದಂದಿನಿಂದ ತೆಂಗಿನ ಮರದ ಕೆಳಗೇ ಓಡಾಡಿ, ಅಲ್ಲೇ ಉಂಡು, ಅಲ್ಲೇ ನಿದ್ದೆ ಹೊಡೆಯುವವರು. ಚಿಕ್ಕಮ್ಮ ಮಾತ್ರ ತಲೆಯ ಮೇಲೆ ಒಂದು ಅಲ್ಯೂಮಿನಿಯಂ ದಬರಿ ಕವುಚಿಕೊಂಡು ತೋಟ ದಾಟುತ್ತಿದ್ದರು. ಕಾಯಿ ಬಿದ್ದರೆ?

ತೋಟದ ಯಜಮಾನರು ದಿನಾ ಕೇಳುವರು: "ಏನ್ ಮೇಡಮ್ಮೋರೆ, ಇವತ್ತೂ ಪಾತ್ರೆ ಯಾಪಾರ ಆಗ್ಲಿಲ್ವಾ?"

"ಇಪ್ಪತ್ತು ವರ್ಷದಿಂದ ಒಂದು ಕಾಯೂ ಬಿದ್ದಿಲ್ಲವಲ್ಲ ಚಿಕ್ಕಮ್ಮ, ಇನ್ನಾದ್ರೂ ಆ ದಬರಿ ಬಿಡಿ" ಎಂದು ನಾನೊಮ್ಮೆ ಹೇಳಿದೆ.

"ಇಪ್ಪತ್ತು ವರ್ಷದಿಂದ ಬಿದ್ದಿಲ್ಲ ಅಂದ್ರೆ ಇವತ್ತೋ ನಾಳೆಯೋ ಬೀಳ್ಲೇಬೇಕಲ್ಲೋ!" ಎಂದರು.

ಮಾರನೆಯ ದಿನದಿಂದ ನಾನೂ ತಲೆಯ ಮೇಲೆ ಪುಸ್ತಕದ ಚೀಲ ಇಟ್ಟುಕೊಂಡು ನಡೆದೆ.

ನನಗೆ ಮೇಷ್ಟ್ರ ಕೆಲಸ ಸಿಕ್ಕಿ, ಮೊದಲ ಪೋಸ್ಟಿಂಗು ಅವರ ಶಾಲೆಗೇ ಆಯಿತು. ಎಪ್ಪತ್ತರ ದಶಕದ ಕೊನೆಯ ಮಾತು. ಊಟ, ವಸತಿ ಚಿಕ್ಕಮ್ಮನ ಮನೆಯಲ್ಲೇ. ಬೆಳಿಗ್ಗೆ ಮನೆಯಲ್ಲಿ "ಲೋ, ರೊಟ್ಟಿ ಆರೋಗ್ತದೆ, ಬಾರೋ" ಎನ್ನುವ ಚಿಕ್ಕಮ್ಮ, ಶಾಲೆಯ ಗೇಟು ದಾಟಿದೊಡನೆ "ಮೇಷ್ಟ್ರೇ, ನೀವು ಮೂರು ನಿಮಿಷ ಲೇಟು" ಎನ್ನುತ್ತಿದ್ದರು. ಇಬ್ಬರೂ ಒಟ್ಟಿಗೇ ಬಂದಿದ್ದರೂ!

ಎರಡು ಕೊಠಡಿ, ಒಂದು ಜಗಲಿ, ಎಪ್ಪತ್ತು ಚಿಲ್ಲರೆ ಮಕ್ಕಳು, ಮೂರು ಜನ ನಾವು. ಮೂರನೆಯವರು ಡ್ರಿಲ್ ಮೇಷ್ಟ್ರು. ಒಳ್ಳೆಯ ಎತ್ತರದ ಆಳು, ಹುರಿ ಮೀಸೆ, ಕಂಚಿನ ಕಂಠ. ಆ ಮೀಸೆ ನೋಡಿದಾಗಲೆಲ್ಲ ನಮ್ಮಿಬ್ಬರಿಗೂ ಎಷ್ಟೋ ಧೈರ್ಯ ಬರುತ್ತಿತ್ತು.

ಹೀಗಿರುವಾಗ ಒಂದು ಜೂನ್ ತಿಂಗಳು, ಶಾಲೆ ತೆರೆದು ಎರಡು ವಾರವಾಗಿರಲಿಲ್ಲ, ವಾಂತಿಭೇದಿ ಕಾಣಿಸಿಕೊಂಡಿತು. ಕೆರೆ ಬತ್ತಿ ತಳ ಕಂಡಿತ್ತು; ಅದರ ಮೇಲೆ ಮೊದಲ ಮಳೆ ಊರಿನ ಕೊಳೆಯನ್ನೆಲ್ಲ ತೊಳೆದು ತಂದು ಹಾಕಿತ್ತು. ಪಕ್ಕದ ಊರಿನಲ್ಲಿ ಇಬ್ಬರು ಹೋದರು ಎಂಬ ಸುದ್ದಿ ಬಂತು. ನಮ್ಮ ಊರಿನಲ್ಲೂ ಕೆರೆ ಏರಿಯ ಕೆಳಗಿನ ಮನೆಗಳಲ್ಲಿ ಇಬ್ಬರು ಮೂವರು ಮಲಗಿದರು.

ಆಸ್ಪತ್ರೆಯಿಂದ ಇಂಜೆಕ್ಷನ್ ಹಾಕುವವರು ಶಾಲೆಗೇ ಬಂದರು. ಸೂಜಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಯಾರೂ ನೋಡದಂತೆ ಭೂಪಟ, ಗ್ಲೋಬು ಇಡುವ ಕತ್ತಲೆ ಕೋಣೆಗೆ ನುಸುಳಿ ಬಾಗಿಲ ಹಿಂದೆ ನಿಂತೆ. ಕತ್ತಲೆಯಲ್ಲಿ ಯಾರೋ ಉಸಿರಾಡುತ್ತಿದ್ದರು!

"ಈ ಜಾಗ ನಂದು ಕಣೋ" ಎಂದಿತು ಪಿಸುದನಿ. "ನೀನು ಬೇರೆ ಕಡೆ ನೋಡ್ಕೋ."

ಚಿಕ್ಕಮ್ಮ! ಏಷ್ಯಾ ಖಂಡದ ಭೂಪಟವನ್ನು ಹೊದ್ದುಕೊಂಡು ಕೂತಿದ್ದರು.

ಅಷ್ಟರಲ್ಲಿ ಹೊರಗೆ ಮಕ್ಕಳ ಅಳು ಶುರುವಾಯಿತು. ಸೂಜಿ ನೋಡಿ ಒಂದು ಓಡಿತು, ಅದರ ಹಿಂದೆ ಹತ್ತು ಓಡಿದವು. "ಮೇಡಮ್ಮೋರು ಎಲ್ಲಿ?" ಎಂದು ಯಾರೋ ಕೂಗಿದರು. ಚಿಕ್ಕಮ್ಮ ಏಷ್ಯಾವನ್ನು ಸುತ್ತಿ ಮೂಲೆಗಿಟ್ಟರು. ಎದ್ದರು. ಹೊರಗೆ ಹೋಗಿ ಬೆಂಚಿನ ಮೇಲೆ ಕೂತು, ತೋಳು ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿ, ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳತೊಡಗಿದರು. "ಹದಿಮೂರೊಂದ್ಲಿ ಹದಿಮೂರು! ಹದಿಮೂರೆರಡ್ಲಿ ಇಪ್ಪತ್ತಾರು!" ಮೇಡಮ್ಮೋರು ಮಗ್ಗಿ ಹೇಳಿದರೆ ಜೊತೆಗೆ ಹೇಳಬೇಕಾದ್ದು ಶಾಲೆಯ ಪದ್ಧತಿ. ಅಳುತ್ತಿದ್ದ ಮಕ್ಕಳೂ ಅಳುತ್ತಲೇ ಸೇರಿಕೊಂಡವು. ಹದಿಮೂರು ಹತ್ತು ಮುಗಿಯುವಷ್ಟರಲ್ಲಿ ಅರ್ಧ ಶಾಲೆಗೆ ಇಂಜೆಕ್ಷನ್ ಆಗಿತ್ತು. ನನ್ನ ಸರದಿ ಬಂದಾಗ ನನಗೆ ಹದಿಮೂರರ ಮಗ್ಗಿಯೇ ಮರೆತುಹೋಯಿತು. ಎರಡರ ಮಗ್ಗಿಯಲ್ಲಿ ಮುಗಿಸಿದೆ.

ಸೂಜಿ ಚುಚ್ಚಿಸಿಕೊಂಡರೂ ಭಯ ಹೋಗಬೇಕಲ್ಲ? ಎಪ್ಪತ್ತು ಮಕ್ಕಳ ನಡುವೆ ದಿನವಿಡೀ ನಿಲ್ಲಬೇಕು. ಯಾವ ಮಗು ಯಾವ ಮನೆಯಿಂದ ಏನು ಹೊತ್ತು ತಂದಿದೆಯೋ ಯಾರಿಗೆ ಗೊತ್ತು? ಒಂದು ಮಗು ಹೊಟ್ಟೆ ಹಿಡಿದುಕೊಂಡರೆ ಸಾಕು, ನಾನು ಕಪ್ಪು ಹಲಗೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದೆ. ವಿಚಾರಿಸಿದರೆ ಅದು ಬರೀ ಹಸಿವೆಗೆ ಹಿಡಿದುಕೊಂಡಿರುತ್ತಿತ್ತು!

ಶಾಲೆ ನಡೆಸಬೇಕೋ ಮುಚ್ಚಬೇಕೋ ಎಂದು ಚಿಕ್ಕಮ್ಮ ಮೇಲಿನವರಿಗೆ ಬರೆದು ಕೇಳಿದ್ದರು. "ಸ್ಥಳೀಯ ಪರಿಸ್ಥಿತಿಯನ್ನು ಗಮನಿಸಿ ಮುಖ್ಯೋಪಾಧ್ಯಾಯರೇ ಸೂಕ್ತವಾಗಿ ತೀರ್ಮಾನಿಸತಕ್ಕದ್ದು" ಎಂದು ಉತ್ತರ ಬಂತು. ಅಂದರೆ, ಏನಾದರೂ ಆದರೆ ಅದು ಚಿಕ್ಕಮ್ಮನ ತಲೆಗೆ!

ಅದೇ ದಿನ ಡ್ರಿಲ್ ಮೇಷ್ಟ್ರು ರಜಾ ಅರ್ಜಿ ತಂದಿಟ್ಟರು. ಅವರ ಅತ್ತೆಗೆ ಸೀರಿಯಸ್ಸಂತೆ. ಆ ಅತ್ತೆ ಹಿಂದಿನ ವಾರವಷ್ಟೇ ಬಂದು ನಮ್ಮ ಮುಂದೆಯೇ ಎರಡು ಮುದ್ದೆ ಉಂಡು ಹೋಗಿದ್ದರು. ಚಿಕ್ಕಮ್ಮ ಸಹಿ ಹಾಕಿದರು. ಮೀಸೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋಯಿತು. ಅದರ ಜೊತೆಗೇ ನಮ್ಮ ಧೈರ್ಯವೂ.

ಈಗ ನಾಚಿಕೆ ಬಿಟ್ಟು ಹೇಳುತ್ತೇನೆ. ನಾನೂ ಒಂದು ಅರ್ಜಿ ಬರೆದಿಟ್ಟುಕೊಂಡಿದ್ದೆ. ನನಗಿನ್ನೂ ಮದುವೆಯಾಗದೆ ಅತ್ತೆಯೇ ಇರಲಿಲ್ಲವಾದ್ದರಿಂದ 'ಸ್ವಂತ ಕೆಲಸದ ನಿಮಿತ್ತ' ಎಂದಷ್ಟೇ ಬರೆದಿದ್ದೆ. ಸಂಜೆ ಮನೆಯಲ್ಲಿ ಕೊಟ್ಟೆ. ಚಿಕ್ಕಮ್ಮ ಓದಿ ಮಡಿಸಿದರು.

"ಶಾಲೆ ಮುಚ್ಚಿಬಿಡಿ ಚಿಕ್ಕಮ್ಮ" ಎಂದೆ. "ನಿಮಗೆ ಭಯ ಇಲ್ವಾ?"

"ಭಯಾನೇ ಕಣೋ! ಭಯ ಆಗಿರೋದಕ್ಕೇ ಮುಚ್ತಾ ಇಲ್ಲ. ಮುಚ್ಚಿದ್ರೆ ಆ ಮಕ್ಳು ದಿನಾ ಎಲ್ಲಿರ್ತವೆ ಹೇಳು? ಕೆರೇಲಿ. ಅಲ್ಲೇ ಆಡ್ತವೆ, ಅದೇ ನೀರು ಕುಡೀತವೆ. ಅವರವ್ವದೀರು ಕೂಲಿಗೆ ಹೋಗಿರ್ತಾರೆ, ನೋಡೋರು ಯಾರು? ಈ ಮಗು ಕುಡೀತೋ, ಆ ಮಗು ಕುಡೀತೋ ಅಂತ ಮನೇಲಿ ಕೂತು ಯೋಚ್ನೆ ಮಾಡಿ ಮಾಡಿ ನಾನೇ ಮೊದ್ಲು ಸಾಯ್ತೀನಿ. ಶಾಲೇಲಿದ್ರೆ ಕಣ್ಣೆದುರಿಗೆ ಇರ್ತವೆ. ಒಂದೂ ಕೈತಪ್ಪಿ ಹೋಗಬಾರ್ದು ಕಣೋ, ಅಷ್ಟೇ ನಂಗೆ ಬೇಕಿರೋದು." ಅರ್ಜಿಯನ್ನು ನನ್ನ ಕೈಗೇ ವಾಪಸು ಕೊಟ್ಟು, "ನಿನ್ನ ಅರ್ಜೀನ ಬೆಳಿಗ್ಗೆ ಸ್ಕೂಲಲ್ಲಿ ಕೊಡು. ಮನೇಲಿ ನಾನು ಹೆಡ್‌ಮಿಸ್ಟ್ರೆಸ್ ಅಲ್ಲ" ಎಂದರು.

ಬೆಳಿಗ್ಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ನೋಡಿ, ಪುಕ್ಕಲುತನ ಒಮ್ಮೊಮ್ಮೆ ಎಂಥ ಉಪಕಾರ ಮಾಡುತ್ತದೆ!

ಅಂದಿನಿಂದ ಶಾಲೆಯಲ್ಲಿ ಹೊಸ ಕಾನೂನು. ತರಗತಿ ಹೊಂಗೆಮರದ ಕೆಳಗೆ. ಒಬ್ಬರ ಕೈ ಚಾಚಿದರೆ ಇನ್ನೊಬ್ಬರಿಗೆ ತಾಗಬಾರದು. ಅದನ್ನು ಪರೀಕ್ಷಿಸಲೆಂದೇ ಮಕ್ಕಳು ದಿನವಿಡೀ ಕೈ ಚಾಚುತ್ತಿದ್ದವು. ಸ್ಲೇಟನ್ನು ಎಂಜಲು ಹಚ್ಚಿ ಒರೆಸುವಂತಿಲ್ಲ! ನಮ್ಮ ಮಕ್ಕಳಿಗೆ ಇದಕ್ಕಿಂತ ಕಠಿಣವಾದ ಕಾನೂನು ಇರಲಿಲ್ಲ. ತಪ್ಪು ಬರೆಯುವುದು, ಥೂ ಎಂದು ಒರೆಸುವುದು, ಮತ್ತೆ ತಪ್ಪು ಬರೆಯುವುದು, ವಿದ್ಯಾಭ್ಯಾಸವೆಂದರೆ ಅಷ್ಟೇ ತಾನೇ? ಚಿಕ್ಕಮ್ಮ ತಮ್ಮ ಹಳೆಯ ಸೀರೆಯೊಂದನ್ನು ಹರಿದು ಎಪ್ಪತ್ತು ತುಂಡು ಮಾಡಿ ಹಂಚಿದರು. ನಾನು ಹಾಜರಿ ಪುಸ್ತಕದ ಹಾಳೆ ತಿರುವಲು ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ, ಅಷ್ಟೇ. "ಮೇಷ್ಟ್ರೇ! ವಾಂತಿಭೇದಿ ಬರೋದು ಕೆರೆಯಿಂದ ಅಲ್ಲ, ನಿಮ್ಮಿಂದ!" ಎಂದು ಮಕ್ಕಳೆದುರಿಗೇ ಕೂಗಿದರು. ಮೂರನೆಯ ಕ್ಲಾಸಿನವರು ಚಪ್ಪಾಳೆ ತಟ್ಟಿದರು.

ಇನ್ನು ನೀರು. ಶಾಲೆಯ ಬಾವಿ ನೀರನ್ನು ಕರಟದ ಉರಿಯಲ್ಲಿ ಕುದಿಸಿದೆವು. ಕುದಿಸಿದ ಮೇಲೆ ಚಿಕ್ಕಮ್ಮನಿಗೆ ಅನುಮಾನ: ಆರುವಾಗ ನೊಣ ಕೂತರೆ? ಮುಚ್ಚಿದರು. ಮುಚ್ಚಳ ತೊಳೆದ ನೀರು ಯಾವುದು? ಮುಚ್ಚಳವನ್ನೂ ಕುದಿಸಿದರು. ಅದನ್ನು ಎತ್ತಿದ ಕೈ? ನನ್ನ ಕೈಯನ್ನೂ ಕುದಿಸುತ್ತಾರೇನೋ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಗ ಅವರ ಕಣ್ಣು ಮೇಲಕ್ಕೆ ಹೋಯಿತು. ಬೇಲಿಯಾಚೆ ತೆಂಗಿನ ಮರಗಳಲ್ಲಿ ಗೊನೆಗೊನೆ ಎಳನೀರು ತೂಗುತ್ತಿತ್ತು.

"ದೇವರೇ ಸೀಲು ಹಾಕಿ ಇಟ್ಟಿದ್ದಾನಲ್ಲೋ!" ಎಂದರು.

ಹೊರಗಿನ ಓದುಗರಿಗೆ ಇದರಲ್ಲಿ ಏನು ವಿಶೇಷ ಎನ್ನಿಸಬಹುದು. ನಮ್ಮದು ಕೊಬ್ಬರಿ ಸೀಮೆ ಸ್ವಾಮಿ! ಇಲ್ಲಿ ಕಾಯಿ ಮರದಲ್ಲೇ ಬಲಿಯಬೇಕು, ಆಮೇಲೆ ಅಟ್ಟ ಸೇರಿ ವರ್ಷದ ಹತ್ತಿರ ಒಣಗಬೇಕು, ಒಳಗೆ ಕೊಬ್ಬರಿ ಗಡಗಡ ಎನ್ನಬೇಕು. ಎಳನೀರು ಕೀಳುವುದೆಂದರೆ ನಮ್ಮವರಿಗೆ ಕೊಲೆ! ಮನೆಗೆ ಬೀಗರು ಬಂದರೂ ಕಾಫಿ ಕೊಟ್ಟು ಕಳಿಸುತ್ತಾರೆಯೇ ಹೊರತು ಎಳನೀರಿನ ಸುದ್ದಿ ಎತ್ತುವುದಿಲ್ಲ. ಚಿಕ್ಕಮ್ಮ ದಬರಿ ತಲೆಯ ಮೇಲಿಟ್ಟುಕೊಂಡು ಸೀದಾ ಯಜಮಾನರ ಜಗಲಿಗೆ ಹೋದರು. ಹಿಂದೆ ನಾನು.

"ಎಳನೀರಾ?" ಯಜಮಾನರು ವಿಭೂತಿ ಹಚ್ಚುತ್ತಿದ್ದವರು ಕೈ ಅಲ್ಲೇ ನಿಲ್ಲಿಸಿದರು. "ಶಿವಶಿವಾ! ಏನ್ ಮಾತಾಡ್ತೀರವ್ವ? ನಮ್ಮಪ್ಪ ಸಾಯಾವಾಗ ಬಾಯಿಗೆ ಎಳ್ನೀರ್ ಬುಡಿ ಅಂದ. ಅಟ್ಟದ ಕಡೆ ನೋಡಿ ತಾನೇ ಬ್ಯಾಡ ಬುಡು ಅಂದ. ಅಂಥಾ ವಂಶ ಕಣವ್ವ ನಮ್ದು!"

"ದಿನಾ ಎರಡು ಮಕ್ಕಳಿಗೆ ಒಂದರಂತೆ. ಬೇನೆ ಇಳಿಯೋವರೆಗೆ."

"ಬಲೀದೇ ಇರೋ ಕಾಯಿಗೆ ಕತ್ತಿ ಹಾಕು ಅಂತೀರಲ್ಲ, ಕೈ ಬತ್ತದಾ?"

ಯಜಮಾನರೆಂದರೆ ಚಿಕ್ಕಮ್ಮನಿಗೆ ಮೊದಲಿನಿಂದಲೂ ಹೆದರಿಕೆ. ಆದರೂ ಹೇಳಿದರು: "ಅಟ್ಟದ ಮೇಲಿರೋ ಕಾಯಿಗೆ ವರ್ಷಗಟ್ಲೆ ಕಾಯ್ತೀರಿ ಯಜಮಾನ್ರೇ. ಈ ಮಕ್ಕಳೂ ಬಲೀದೇ ಇರೋವೇ ಅಲ್ವಾ?"

ಯಜಮಾನರು ಅರ್ಧಕ್ಕೆ ನಿಂತಿದ್ದ ವಿಭೂತಿಯನ್ನು ಪೂರ್ತಿ ಹಚ್ಚಿಕೊಂಡರು. ಆಮೇಲೆ ಎದ್ದು, ಮರ ಹತ್ತುವವನನ್ನು ಕೂಗಿದರು. "ಹತ್ತಲಾ ಅತ್ಲಗೆ! ಕಡಿಯೋವಾಗ ಮಾತ್ರ ಒಂದ್ ಮಾತ್ ಹೇಳು, ನಾನ್ ಒಳಿಕ್ಕೋಯ್ತೀನಿ. ನೋಡಕ್ಕಾಗಕಿಲ್ಲ." ಮೊದಲ ಗೊನೆ ದೊಪ್ಪನೆ ಬಿದ್ದಾಗ ಒಳಗಿನಿಂದ "ಅಯ್ಯೋ!" ಎಂಬ ದನಿ ಕೇಳಿಸಿತು.

ನಮ್ಮ ಮಕ್ಕಳು ತಮ್ಮ ತಮ್ಮ ಲೋಟ ಹಿಡಿದು ಸಾಲಾಗಿ ಕೂತು ಎಳನೀರು ಕುಡಿದವು. ತೆಂಗಿನ ನಾಡಿನಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಅದೇ ಮೊದಲ ಎಳನೀರು! ಹಾಜರಿ ನೂರಕ್ಕೆ ನೂರು. ಆರು ದಿನ ಚೆನ್ನಾಗಿ ನಡೆಯಿತು. ಯಜಮಾನರು ಸಂಜೆ ಹೊತ್ತು ಬೇಲಿ ಹತ್ತಿರ ಬಂದು, "ಯಾವ್ದಾದ್ರೂ ಮಗೀಗೆ ಆಯ್ತಾ?" ಎಂದು ಕೇಳಿ, ಇಲ್ಲ ಎಂದ ಮೇಲೆ ಬುರುಡೆಗಳ ರಾಶಿಯನ್ನು ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಏಳನೆಯ ದಿನ ಎರಡನೇ ಕ್ಲಾಸಿನ ರತ್ನ, ಕೆರೆ ಏರಿಯ ಕೆಳಗಿನ ಮನೆಯ ಹುಡುಗಿ, ಮಗ್ಗಿ ಹೇಳಲು ಎದ್ದು ನಿಂತವಳು ಹಾಗೇ ಕುಸಿದಳು. ವಾಂತಿ, ಭೇದಿ ಒಟ್ಟಿಗೇ. ಮಕ್ಕಳು ಚೀರಿ ಚೆದುರಿದವು. ಹತ್ತಿರದಲ್ಲಿದ್ದವನು ನಾನು. ನಾನೇನು ಮಾಡಿದೆ? ಹಿಂದಕ್ಕೆ ಹಾರಿದೆ. ಯೋಚಿಸಿ ಮಾಡಿದ್ದಲ್ಲ, ಕಾಲು ತಾನಾಗಿಯೇ ಹಾರಿತು. ಇವತ್ತಿಗೂ ಆ ಕಾಲುಗಳ ಮೇಲೆಯೇ ಓಡಾಡುತ್ತಿದ್ದೇನೆ.

ಬಾಗಿಲನ್ನು ಮೊಣಕೈಯಲ್ಲೇ ತಳ್ಳಿ ತೆರೆಯುವ ಚಿಕ್ಕಮ್ಮ ಜಗಲಿಯಿಂದ ಓಡಿ ಬಂದು ಆ ಮಗುವನ್ನು ಹಾಗೆಹಾಗೆಯೇ ಎತ್ತಿ ಎದೆಗೊತ್ತಿಕೊಂಡರು. ಯಜಮಾನರ ಮನೆ ಮುಂದೆ ತಿಪಟೂರಿಗೆ ಹೊರಟ ಕೊಬ್ಬರಿ ಲಾರಿ ನಿಂತಿತ್ತು. "ಮೇಷ್ಟ್ರೇ, ಎಳನೀರು ಎತ್ಕೊಳ್ಳಿ!" ಎಂದು ಕೂಗಿದರು. ಮಕ್ಕಳನ್ನು ಯಜಮಾನರಿಗೆ ಒಪ್ಪಿಸಿ, ಅವರ ಮನೆಯಿಂದ ಕತ್ತಿ, ಉಪ್ಪು, ಚಮಚ ಇಸಿದುಕೊಂಡು ನಾವು ಲಾರಿ ಹತ್ತಿದೆವು. ನಾನು ಕೆತ್ತಿ ಕೊಡುವುದು, ಅವರು ಚಿಟಿಕೆ ಉಪ್ಪು ಹಾಕಿ ಚಮಚ ಚಮಚವಾಗಿ ಕುಡಿಸುವುದು. ಕುಡಿದದ್ದು ಹೊರಗೆ ಬರುತ್ತಿತ್ತು, ಮತ್ತೆ ಕುಡಿಸುವರು. "ಕುಡಿ ನನ್ನವ್ವ, ಇದೊಂದು ಚಮಚ, ಇದೊಂದೇ" ಎನ್ನುತ್ತ ದಾರಿಯುದ್ದಕ್ಕೂ ನೂರು ಸಲ 'ಒಂದೇ' ಎಂದರು. ಡ್ರೈವರ್ ಒಮ್ಮೆಯೂ ಬ್ರೇಕು ಒತ್ತಲಿಲ್ಲ. ವೇಗದ ಬಸ್ಸಿಗೆ ಹತ್ತಲೊಲ್ಲದ ಚಿಕ್ಕಮ್ಮ ಒಮ್ಮೆಯೂ ನಿಧಾನ ಎನ್ನಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸಿದರು. ರತ್ನಳ ಅವ್ವ ನಮ್ಮ ಹಿಂದೆಯೇ ಬಸ್ಸಿನಲ್ಲಿ ಬಂದಳು. ನಾಲ್ಕು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, "ಬದುಕ್ಕೊಂಡ್ಲು. ದಾರೀಲಿ ಕುಡಿಸ್ಕೊಂಡು ಬಂದಿರೋದೇ ಉಳಿಸ್ತು" ಎಂದರು. ಚಿಕ್ಕಮ್ಮ ಸೋಪು ಕೇಳಿ ಇಸಿದುಕೊಂಡು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು.

ಸಂಜೆಯ ಬಸ್ಸಿನಲ್ಲಿ ವಾಪಸು ಹೊರಟೆವು. ನಾವು ಎಲ್ಲಿಂದ ಬರುತ್ತಿದ್ದೇವೆಂದು ಗೊತ್ತಾಗಿ ಅಕ್ಕಪಕ್ಕದವರು ಮೆಲ್ಲನೆ ಎದ್ದು ಹಿಂದಕ್ಕೆ ಹೋದರು. ನಾನೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆ. ಹೊನ್ನವಳ್ಳಿಯ ಕಡೆಯ ತೋಟಗಳು ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದವು. ಚಿಕ್ಕಮ್ಮ ತುಂಬ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು. ಮುಖ ಬಿಳಿಚಿಕೊಂಡಿತ್ತು.

"ನಾಳೆ ಶಾಲೆಗೆ ಹೋಗೋಕೆ ನಂಗೆ ಬಹಳ ಭಯ ಆಗ್ತಿದೆ ಕಣೋ" ಎಂದರು. "ನೀನು ಬರ್ತೀಯಾ?"

ಹೆಡ್‌ಮಿಸ್ಟ್ರೆಸ್ಸು. ಬರತಕ್ಕದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಕೇಳಿದರು.

"ಬರ್ತೀನಿ ಚಿಕ್ಕಮ್ಮ" ಎಂದೆ.

ಮಾರನೆಯ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಶಾಲೆಯ ಗಂಟೆ ಬಾರಿಸಿತು. ಬಾರಿಸಿದವರು ಇಬ್ಬರು. ಒಬ್ಬೊಬ್ಬರೇ ಆಗಿದ್ದರೆ ಇಬ್ಬರಲ್ಲಿ ಯಾರೂ ಆ ಸುತ್ತಿಗೆ ಎತ್ತುತ್ತಿರಲಿಲ್ಲ.